ಹಿಂಬಾಗಿಲಿನ ದಿನ

ಇದನ್ನು ಹೇಳುವ ಹಕ್ಕು ನನಗಿದೆಯೇ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ಇದೆ ಎಂಬ ಉತ್ತರ ಒಮ್ಮೆಯೂ ಬಂದಿಲ್ಲ. ಹೇಳಬೇಕಾದವರಲ್ಲಿ ಕೆಲವರು ಈಗಿಲ್ಲ. ಇರುವವರಿಗೆ ಹೇಳಿ ಹೇಳಿ ಬಾಯಿ ಒಣಗಿದೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ ಎಂದು ಬೇಡಿಕೊಂಡೇ ಶುರು ಮಾಡುತ್ತೇನೆ.

ಆ ಊರಿನ ರೇಡಿಯೋ ನಿಲಯದಲ್ಲಿ ಬೆಳಿಗ್ಗೆ ಏಳೂವರೆಗೆ, ವಾರ್ತೆ ಮುಗಿದ ಮೇಲೆ, 'ಈ ದಿನ' ಎಂಬ ಪುಟ್ಟ ಕಾರ್ಯಕ್ರಮ ಬರುತ್ತಿತ್ತು. ಇದೇ ತಾರೀಖಿನಂದು ಹಿಂದೆ ಏನೇನು ನಡೆದಿತ್ತು ಎಂಬ ಕೆಲವು ಸಾಲುಗಳು, ಅಷ್ಟೆ. ಎಲ್ಲೋ ಒಬ್ಬ ರಾಜನಿಗೆ ಪಟ್ಟ ಕಟ್ಟಿದ್ದು, ಇನ್ನೆಲ್ಲೋ ಒಬ್ಬನನ್ನು ಇಳಿಸಿದ್ದು, ಯಾರೋ ಬಲೂನಿನಲ್ಲಿ ಹಾರಿದ್ದು, ಯಾವುದೋ ಹಡಗು ಮುಳುಗಿದ್ದು, ಕೊನೆಗೆ ಇವತ್ತು ಇಂಥ ದಿನಾಚರಣೆ ಎಂಬುದು. ಆ ಸಾಲುಗಳಿಗೆ ತಾರೀಖು ಬಿಟ್ಟರೆ ಬೇರೆ ನಂಟಿರಲಿಲ್ಲ; ಬಸ್ಸಿನ ಒಂದೇ ಸೀಟಿನಲ್ಲಿ ಕೂತ ಅಪರಿಚಿತರ ಹಾಗೆ ಅಕ್ಕಪಕ್ಕ ಇರುತ್ತಿದ್ದವು. ಅವನ್ನು ಓದುತ್ತಿದ್ದ ಹೆಂಗಸನ್ನು ಊರೆಲ್ಲ ಏಳೂವರೆ ಅಕ್ಕ ಎಂದೇ ಕರೆಯುತ್ತಿತ್ತು.

ತರಕಾರಿ ಅಂಗಡಿಯವನು ತಕ್ಕಡಿ ಎತ್ತುತ್ತಲೇ, "ಏನಕ್ಕಾ, ಇವತ್ತು ಯಾವ ರಾಜ ಸತ್ತ?" ಅನ್ನುತ್ತಿದ್ದ.

"ಇವತ್ತು ಯಾರೂ ಸಾಯಲಿಲ್ಲಪ್ಪ, ಒಬ್ಬ ಹುಟ್ಟಿದ."

"ಅಯ್ಯೋ, ಹುಟ್ಟಿದೋನು ನಾಳೆ ಸಾಯ್ದೆ ಇರ್ತಾನಾ? ಈರುಳ್ಳಿ ತಗೋ."

ಏಳೂವರೆ ಅಕ್ಕ ಹುಟ್ಟಾ ಅಂಜುಬುರುಕಿ. ಓದಬೇಕಾದ ಹಾಳೆಯನ್ನು ಮನೆಯಲ್ಲೊಮ್ಮೆ, ಬಸ್ಸಿನಲ್ಲೊಮ್ಮೆ, ಸ್ಟುಡಿಯೋದ ಹೊರಗೆ ಗೋಡೆಗೆ ಮುಖ ಮಾಡಿ ಇನ್ನೊಮ್ಮೆ ಓದಿಕೊಳ್ಳುತ್ತಿದ್ದಳು. ಹಾಳೆಯ ಕೆಳಗೆ ನಿಲಯದ ಮುಖ್ಯಸ್ಥರ ಸಹಿ ಇಲ್ಲದಿದ್ದರೆ ಅವಳ ಗಂಟಲಿನಿಂದ ನಮಸ್ಕಾರವೂ ಹೊರಡುತ್ತಿರಲಿಲ್ಲ.

ಅವಳನ್ನು ಸಾಕಿದ್ದು ದೊಡ್ಡಮ್ಮ. ಚಪ್ಪಲಿ ಹೊಲಿಯುವವನ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇಬ್ಬರದೇ ಸಂಸಾರ. ಅವಳ ತಾಯಿಯೂ ಈ ದೊಡ್ಡಮ್ಮನೂ ಒಂದು ಕಾಲದಲ್ಲಿ ಊರಾಚೆಯ ಅಂಗಿ ಕಾರ್ಖಾನೆಯಲ್ಲಿ ಪಕ್ಕಪಕ್ಕದ ಯಂತ್ರಗಳಲ್ಲಿ ಕೂತು ಹೊಲಿಯುತ್ತಿದ್ದರು. ತಂಗಿ ಕಾಲರು ಕೂರಿಸುತ್ತಿದ್ದಳು, ದೊಡ್ಡಮ್ಮ ತೋಳು. ಒಂದು ಬೆಳಿಗ್ಗೆ ಕೆಳಗಿನ ಬಟ್ಟೆಯ ಮೂಟೆಗಳಿಗೆ ಬೆಂಕಿ ಹತ್ತಿತು. ಮುಂದಿನ ಮೆಟ್ಟಿಲ ತುಂಬ ಹೊಗೆ. ಹೆಂಗಸರೆಲ್ಲ ಹಿಂಬಾಗಿಲಿಗೆ ಓಡಿದರು. ಅದಕ್ಕೆ ಹೊರಗಿನಿಂದ ಬೀಗ ಹಾಕಿತ್ತು. ಬಡಿದರು. ಹಿಂದಿನ ಬೀದಿಯವರಿಗೆ ಆ ಬಡಿತ ಕೇಳಿಸಿತು. ಯಾರೋ ಬಡಗಿ ಕೆಲಸ ಮಾಡುತ್ತಿದ್ದಾನೆ ಅಂದುಕೊಂಡರು. ಕಿಟಕಿಯ ಹತ್ತಿರ ಬಿದ್ದಿದ್ದ ದೊಡ್ಡಮ್ಮನನ್ನು ಯಾರೋ ಹೊರಗೆಳೆದು ಹಾಕಿದರು. ಬಾಗಿಲ ಹತ್ತಿರ ಇದ್ದ ತಂಗಿಯನ್ನು ಎಳೆಯಲು ಯಾರಿಗೂ ಆಗಲಿಲ್ಲ.

ವಿಚಾರಣೆ ನಡೆಸಿದವರು ಬಾಗಿಲು ತೆರೆದೇ ಇತ್ತು, ಗಾಬರಿಯಲ್ಲಿ ಹೆಂಗಸರಿಗೆ ಕಾಣಲಿಲ್ಲ ಎಂದು ಬರೆದು ಮುಗಿಸಿದರು. ದೊಡ್ಡಮ್ಮನ ಬಲಗೈ ಅಂದಿನಿಂದ ಪೂರ್ತಿ ಮುಚ್ಚುವುದಿಲ್ಲ. ಕಿರುಬೆರಳ ಕೆಳಗಿನ ಮೂಳೆ ಸೊಟ್ಟಗೆ ಕೂಡಿಕೊಂಡಿದೆ. ಯಾರಾದರೂ ವಿಚಾರಣೆಯ ಮಾತೆತ್ತಿದರೆ ಆ ಕೈಯನ್ನು ಅವರ ಮೂಗಿನ ಹತ್ತಿರ ಹಿಡಿದು, "ತೆರೆದ ಬಾಗಿಲನ್ನ ಹೀಗೆ ಬಡಿಯೋಕೆ ನಮಗೇನು ಹುಚ್ಚು ನಾಯಿ ಕಚ್ಚಿತ್ತಾ?" ಅನ್ನುತ್ತಿದ್ದಳು.

ಒಂದು ವರ್ಷ, ಬೆಂಕಿ ಬಿದ್ದ ಅದೇ ತಾರೀಖಿಗೆ ಏಳೂವರೆ ಅಕ್ಕ ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ ಹಾಳೆಯ ಕೊನೆಗೆ ತಾನೇ ಒಂದು ಸಾಲು ಸೇರಿಸಿದ್ದಳು: 'ಇದೇ ದಿನ ನಮ್ಮೂರಿನ ಅಂಗಿ ಕಾರ್ಖಾನೆಗೆ ಬೆಂಕಿ ಬಿತ್ತು, ಹಿಂಬಾಗಿಲಿಗೆ ಬೀಗ ಹಾಕಿತ್ತು.' ಮುಖ್ಯಸ್ಥರು ಮೊದಲು ಬೀಗವನ್ನು ಹೊಡೆದುಹಾಕಿದರು. ಆಮೇಲೆ ಬೆಂಕಿಯನ್ನೂ. ಅವರು ಕೆಟ್ಟವರೇನಲ್ಲ. ಯಾವ ಮಾತನ್ನೂ 'ಆದರೂ' ಎಂದೇ ಶುರು ಮಾಡುತ್ತಿದ್ದುದರಿಂದ ನಿಲಯದವರು ಬೆನ್ನ ಹಿಂದೆ ಅವರಿಗೆ ಆದರೂ ಸಾಹೇಬರು ಎಂದು ಹೆಸರಿಟ್ಟಿದ್ದರು.

"ಆದರೂ ನೋಡಿ, ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ. ಒಂದು ಕೆಲಸ ಮಾಡಿ. ಕೊನೆಗೆ ಸ್ವಲ್ಪ ಹೊತ್ತು ಮೌನ ಆಚರಿಸಿ. ಯಾಕೆ ಅಂತ ಮಾತ್ರ ಹೇಳಬೇಡಿ" ಎಂದಿದ್ದರು.

ಅಷ್ಟಾದರೂ ಸಿಕ್ಕಿತಲ್ಲ ಎಂದು ಅವಳು ಒಪ್ಪಿದಳು. ಮನೆಯಲ್ಲಿ ದೊಡ್ಡಮ್ಮ, ಕೆಳಗಿನ ಚಪ್ಪಲಿಯವನು, ಎದುರುಮನೆಯಾಕೆ ಎಲ್ಲರೂ ರೇಡಿಯೋ ಮುಂದೆ ತಲೆಬಾಗಿ ನಿಂತಿದ್ದರು. ಸ್ಟುಡಿಯೋದಲ್ಲಿ ಅವಳೂ ಕಣ್ಣು ಮುಚ್ಚಿದಳು. ಒಬ್ಬರಿಗೂ ಹೊಳೆಯದೇ ಹೋದದ್ದು ಕಾವಲು ಪೆಟ್ಟಿಗೆಯ ವಿಷಯ. ರೇಡಿಯೋ ನಿಲಯ ಸುಮ್ಮನಾಗುವ ಹಾಗಿಲ್ಲ. ಮಾತು ನಿಂತರೆ ಏನೋ ಕೆಟ್ಟಿದೆ ಎಂದು ತಿಳಿದು ಆ ಪೆಟ್ಟಿಗೆ ತನ್ನಷ್ಟಕ್ಕೆ ತಾನೇ ಒಂದು ಸಂಗೀತ ಹಾಕಿಬಿಡುತ್ತದೆ. ಆ ಬೆಳಿಗ್ಗೆ ಮೌನ ಇನ್ನೂ ಕಾಲೂರುವ ಮೊದಲೇ ಊರಿನ ರೇಡಿಯೋಗಳಲ್ಲೆಲ್ಲ ಸರ್ಕಸ್ಸಿನ ಕರಡಿ ಸೈಕಲ್ ತುಳಿಯುವಾಗ ಬಾರಿಸುವಂಥ ವಾದ್ಯ ಢಂಗುಚಕ್ಕ ಢಂಗುಚಕ್ಕ ಎಂದು ಶುರುವಾಯಿತು.

ದೊಡ್ಡಮ್ಮ ಮೊದಲು ನಕ್ಕಳಂತೆ. ತಲೆಬಾಗಿದ್ದವರಿಗೂ ನಗು ತಡೆಯಲಾಗಲಿಲ್ಲವಂತೆ. ಆಮೇಲೆ ಅವಳು ರೇಡಿಯೋದ ಕಿವಿ ಹಿಂಡಿ, ಅದರ ಮೇಲೊಂದು ಟವಲು ಹೊದಿಸಿ, ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ಸಂಜೆ ಏಳೂವರೆ ಅಕ್ಕ ಮನೆಗೆ ಬಂದಾಗ ಹೇಳಿದ್ದು ಒಂದೇ ಮಾತು. "ನಿಮ್ಮಮ್ಮನಿಗೆ ಕುಣಿಯೋದು ಇಷ್ಟ ಇತ್ತು, ನಿಜ. ಆದ್ರೆ ಇವತ್ತಲ್ಲ ಕಣೇ."

ವರ್ಷ ತಿರುಗಿತು. ಆ ತಾರೀಖು ಹತ್ತಿರ ಬಂದಾಗ ಆದರೂ ಸಾಹೇಬರು ಅವಳನ್ನು ಕೋಣೆಗೆ ಕರೆದು ಚಹಾ ತರಿಸಿದರು. ಅವರು ಚಹಾ ತರಿಸಿದರೆ ನುಂಗಲಾರದ್ದೇನೋ ಬರುತ್ತದೆ ಎಂದು ಎಲ್ಲರಿಗೂ ಗೊತ್ತು.

"ಆದರೂ ಕೊನೆಗೆ ಒಳ್ಳೇ ಸುದ್ದಿ ಬಂತು ನೋಡಿ. ಕಾರ್ಖಾನೆಯವರೇ ಮುಂದೆ ಬಂದಿದಾರೆ. ಇನ್ನು ಮೇಲೆ ಪ್ರತಿ ವರ್ಷ ಆ ದಿನ ಅವರ ಸುರಕ್ಷತಾ ದಿನವಂತೆ. ನಮ್ಮ ಕಾರ್ಯಕ್ರಮದಲ್ಲಿ ಒಂದು ಸಾಲು ಬರಬೇಕಂತೆ."

"ಆ ದಿನವೇ ಯಾಕೆ ಸಾರ್?"

"ಆದರೂ ಯಾವುದೋ ಒಂದು ದಿನ ಬೇಕಲ್ಲ?"

"ಯಾಕೆ ಅಂತ ಓದಬಹುದಾ?"

"ಯಾಕೆ ಅನ್ನೋದು ಹಾಳೆಯಲ್ಲಿಲ್ಲ." ಅವರು ಹಾಳೆಯನ್ನು ಅವಳ ಕಡೆ ತಳ್ಳಿದರು. ಸಹಿ ಆಗಲೇ ಬಿದ್ದಿತ್ತು. "ಹಳೇ ಕೆಲಸಗಾರರು ಒಬ್ಬರು ಬಂದು ಎರಡು ಮಾತು ಹೇಳಬೇಕು ಅಂತಾನೂ ಕೇಳಿದಾರೆ. ನಾನೇ ಹೇಳಿದೆ, ನಮ್ಮ ಏಳೂವರೆ ಅಕ್ಕನ ದೊಡ್ಡಮ್ಮ ಇದ್ದಾರಲ್ಲ ಅಂತ. ಅವರಿಗೂ ಒಂದು ಗೌರವ. ಹಳೇದು ಅಲ್ಲಿಗೆ ಮುಗಿದ ಹಾಗೂ ಆಗುತ್ತೆ."

ಹಾಳೆಯ ಕೊನೆಯಲ್ಲಿ ದೊಡ್ಡಮ್ಮ ಹೇಳಬೇಕಾದ ಮಾತೂ ಟೈಪಾಗಿತ್ತು: 'ಸುರಕ್ಷತೆಯೇ ಮೊದಲು. ಎಲ್ಲರಿಗೂ ನನ್ನ ಶುಭಾಶಯಗಳು.'

ಏಳೂವರೆ ಅಕ್ಕ ಆ ಹಾಳೆಯನ್ನು ಮನೆಗೆ ತಂದಳು. ಹೇಗೆ ಹೇಳುವುದೆಂದು ತಿಳಿಯದೆ ಅಕ್ಕಿ ತೊಳೆದಳು, ತೊಳೆದ ಅಕ್ಕಿಯನ್ನೇ ಮತ್ತೆ ತೊಳೆದಳು. ದೊಡ್ಡಮ್ಮ ಎಡಗೈಯಲ್ಲಿ ಗುಂಡಿ ಹೊಲಿಯುತ್ತ ಓರೆಗಣ್ಣಿನಲ್ಲಿ ನೋಡುತ್ತಿದ್ದಳು.

"ಅಕ್ಕಿ ಬಣ್ಣ ಬಿಡೋ ತನಕ ತೊಳೀತೀಯೋ, ಇಲ್ಲಾ ವಿಷಯ ಬಾಯಿ ಬಿಡ್ತೀಯೋ?"

ಅವಳು ಹಾಳೆಯನ್ನು ಕೊಟ್ಟಳು. ದೊಡ್ಡಮ್ಮ ಕನ್ನಡಕ ಏರಿಸಿ ಓದಿದಳು. ಮುಖದಲ್ಲಿ ಏನೂ ಕಾಣಲಿಲ್ಲ. ಹಾಳೆಯನ್ನು ಮಡಿಸಿ, ಅಲುಗಾಡುತ್ತಿದ್ದ ಕುರ್ಚಿಯ ಕಾಲಿನ ಕೆಳಗೆ ತುರುಕಿದಳು.

"ಶುಭಾಶಯ. ನಾನು. ಅವರಿಗೆ."

"ನಾನು ಬೇಡ ಅನ್ನೋಕೆ ಆಗಲಿಲ್ಲ ದೊಡ್ಡಮ್ಮ."

"ನಿನಗೆ ಯಾವತ್ತು ಆಗಿದೆ? ನಿನ್ನ ನಾಲಿಗೆ ಅವರ ಹಾಳೆಗೆ ಅಂಟಿಕೊಂಡುಬಿಟ್ಟಿದೆ. ಕಿತ್ತರೆ ರಕ್ತ ಬರುತ್ತೆ ಅಂತ ಭಯ."

"ಕೆಲಸ ಹೋದ್ರೆ ಏನ್ ಮಾಡೋದು?"

"ನಿಮ್ಮಮ್ಮ ಹೋಗಿದ್ದೂ ಕೆಲಸಕ್ಕೇ."

ಆ ರಾತ್ರಿ ಊಟದ ತಟ್ಟೆಗಳೇ ಮಾತಾಡಿಕೊಂಡವು. ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುವಾಗ ದೊಡ್ಡಮ್ಮ ಒಳಗಿನಿಂದಲೇ, "ಬರ್ತಾಳೆ ಅಂತ ಹೇಳು ನಿಮ್ಮ ಸಾಹೇಬರಿಗೆ" ಎಂದಳು. "ಕನ್ನಡಕ ಮಾತ್ರ ಮರೆತು ಬರ್ತಾಳೆ ಅಂತ ಹೇಳಬೇಡ."

ಈಗ ಏಳೂವರೆ ಅಕ್ಕನಿಗೆ ನಿಜವಾದ ಹೆದರಿಕೆ ಹತ್ತಿತು. ನಿಲಯದಲ್ಲಿ ಸ್ವಿಚ್ಚುಗಳ ಮುಂದೆ ಕೂರುತ್ತಿದ್ದವರು ಫ್ಯೂಸ್ ಮಾಮ. ಏನು ಕೆಟ್ಟರೂ ಫ್ಯೂಸ್ ಹೋಗಿದೆ ಅನ್ನುವುದು ಅವರ ರೂಢಿ. ಹೆಂಡತಿ ಮುನಿಸಿಕೊಂಡು ತವರಿಗೆ ಹೋದಾಗಲೂ ಅದನ್ನೇ ಹೇಳಿದ್ದರು. ಹಾಳೆಯಲ್ಲಿಲ್ಲದ ಮಾತು ಬಂದ ಕೂಡಲೇ ಸ್ವಿಚ್ ಇಳಿಸುವುದು ಅವರ ಕೆಲಸ. ಅವಳು ಅವರ ಪಕ್ಕ ಹೋಗಿ ನಿಂತಳು.

"ಮಾಮ, ಸುಮ್ಮನಿದ್ರೆ ಪೆಟ್ಟಿಗೆ ಕುಣಿಯುತ್ತೆ. ಮಾತಾಡಿದ್ರೆ ನೀವು ಬಾಯಿ ಮುಚ್ಚಿಸ್ತೀರಿ. ಇವೆರಡರ ಮಧ್ಯೆ ಏನಾದ್ರೂ ಇದೆಯಾ?"

ಮಾಮ ಅವಳನ್ನೂ, ಬಾಗಿಲನ್ನೂ, ಮತ್ತೆ ಅವಳನ್ನೂ ನೋಡಿದರು.

"ಆ ಪೆಟ್ಟಿಗೆಗೆ ಕಿವಿ ಇದೆ, ಬುದ್ಧಿ ಇಲ್ಲ. ನಾಯಿ ಬೊಗಳಿದ್ರೂ ಕಾರ್ಯಕ್ರಮ ಅಂದ್ಕೊಳ್ಳುತ್ತೆ. ಒಂದು ಸದ್ದಿಗೂ ಇನ್ನೊಂದು ಸದ್ದಿಗೂ ಮಧ್ಯೆ ಉಸಿರು ಎಳೆದು ಬಿಡೋವಷ್ಟು ಕಾಯುತ್ತೆ. ಆಮೇಲೆ ಹಳದಿ ದೀಪ ಮಿಟುಕಿಸುತ್ತೆ. ಆಗಲೂ ಸದ್ದಿಲ್ಲ ಅಂದ್ರೆ ಕುಣಿತ."

"ಮತ್ತೆ ನೀವು?"

"ನನಗೆ ಹೇಳಿರೋದು ಮಾತಿನ ವಿಷಯ. ಸದ್ದಿನ ವಿಷಯ ಯಾರೂ ಹೇಳಿಲ್ಲ." ಅವರು ಕನ್ನಡಕ ಒರೆಸಿಕೊಂಡರು. "ನಾನಾಗಿ ಕೇಳೋಕೂ ಹೋಗಲ್ಲ."

ಆ ದಿನ ಬಂತು. ಇಬ್ಬರೂ ನಿಲಯದ ಮೆಟ್ಟಿಲು ಹತ್ತುವಾಗ ಅವಳು ಇದನ್ನೆಲ್ಲ ಪಿಸುಗುಟ್ಟಿದಳು. ಹೇಳಬೇಕೆಂದು ಹೇಳಿದಳೋ, ಹೆದರಿಕೆಗೆ ಬಾಯಿ ತಪ್ಪಿ ಬಂತೋ ಅವಳಿಗೇ ಗೊತ್ತಿರಲಿಲ್ಲ. ದೊಡ್ಡಮ್ಮ ಮೊಣಕಾಲು ಹಿಡಿದುಕೊಂಡು ಒಂದು ಮೆಟ್ಟಿಲ ಮೇಲೆ ನಿಂತಳು.

"ಸದ್ದು ತಾನೇ? ನನ್ನ ಹತ್ರ ಒಂದು ಸದ್ದಿದೆ."

ಕಾರ್ಖಾನೆಯ ಪ್ರಚಾರದ ಅಧಿಕಾರಿ ಆದರೂ ಸಾಹೇಬರ ಕೋಣೆಯಲ್ಲಿ ಆಗಲೇ ಕೂತಿದ್ದ. ಎದ್ದು ಬಂದು, "ಅಮ್ಮಾ, ನಿಮ್ಮಂಥ ಹಿರಿಯರೇ ನಮಗೆ ಆಸ್ತಿ" ಎಂದ. ದೊಡ್ಡಮ್ಮ, "ಹೌದಪ್ಪಾ, ಬೀಗ ಹಾಕಿ ಇಟ್ಕೊಂಡಿದ್ರಲ್ಲ" ಎಂದಳು. ಅವನಿಗೆ ಅರ್ಥವಾಗಲಿಲ್ಲವೋ, ಆಗದವನ ಹಾಗೆ ನಕ್ಕನೋ, ಅಂತೂ ನಕ್ಕ.

ಸ್ಟುಡಿಯೋ ಎಂದರೆ ಒಂದು ಪುಟ್ಟ ಕೋಣೆ. ಗೋಡೆಗೆ, ಬಾಗಿಲಿಗೆ ಎಲ್ಲ ದಪ್ಪ ಮೆತ್ತೆ. ಕೆಂಪು ದೀಪ ಹತ್ತಿತೆಂದರೆ ಒಳಗಿನಿಂದ ಚಿಲಕ ಹಾಕಿಕೊಳ್ಳಬೇಕು, ಯಾರೂ ನಡುವೆ ನುಗ್ಗಬಾರದು. ಇದು ಸಾಹೇಬರೇ ಮಾಡಿದ ನಿಯಮ. ಬಾಗಿಲಲ್ಲಿ ಅಂಗೈಯಗಲದ ಗಾಜು, ಎದುರು ಗೋಡೆಯಲ್ಲಿ ದೊಡ್ಡ ಗಾಜು, ಅದರಾಚೆ ಫ್ಯೂಸ್ ಮಾಮ. ದೊಡ್ಡಮ್ಮ ಬಾಗಿಲಿನ ಮೆತ್ತೆಯನ್ನು ಬೆರಳಿನಿಂದ ಒತ್ತಿ ನೋಡಿ, "ಇದನ್ನ ಬಡಿದ್ರೆ ದಿಂಬು ಬಡಿದ ಹಾಗೆ" ಎಂದಳು. ಆಮೇಲೆ ಮೇಜನ್ನು ಸವರಿದಳು. ಅದು ಹಳೆಯ ಕಾಲದ ಗಟ್ಟಿ ಮರದ್ದು. "ಇದು ಆಗುತ್ತೆ."

ಏಳೂವರೆ ಅಕ್ಕ ಚಿಲಕ ಹಾಕಿದಳು. ದೀಪ ಹತ್ತಿತು.

ಅವಳು ಓದಿದಳು. ದೂರದ ದೇಶವೊಂದರಲ್ಲಿ ಇದೇ ದಿನ ರಾಣಿಯೊಬ್ಬಳು ಸಿಂಹಾಸನವೇರಿದ್ದು. ಇದೇ ದಿನ ಬಾಲವಿದ್ದ ನಕ್ಷತ್ರವೊಂದು ಹಗಲಲ್ಲೇ ಕಂಡದ್ದು. ಇದೇ ದಿನ ಎರಡು ಸೈನ್ಯಗಳು ಕೈಕುಲುಕಿದ್ದು. ಅವಳ ದನಿ ಎಂದಿನ ಹಾಗೇ ಇತ್ತು. ಇಂದು ನಮ್ಮೂರಿನ ಅಂಗಿ ಕಾರ್ಖಾನೆಯಲ್ಲಿ ಸುರಕ್ಷತಾ ದಿನಾಚರಣೆ. ಅದನ್ನೂ ಓದಿದಳು. "ಈಗ ಆ ಕಾರ್ಖಾನೆಯ ಹಳೆಯ ಕೆಲಸಗಾರರೊಬ್ಬರಿಂದ ಎರಡು ಮಾತು" ಎಂದು ಮೈಕನ್ನು ದೊಡ್ಡಮ್ಮನ ಕಡೆ ತಿರುಗಿಸಿದಳು.

ದೊಡ್ಡಮ್ಮ ಬಾಯಿ ತೆರೆಯಲಿಲ್ಲ. ಮುಚ್ಚಲಾಗದ ಆ ಬಲಗೈಯನ್ನು ಎತ್ತಿ, ಅದರ ಪಕ್ಕೆಯಿಂದ ಮೇಜನ್ನು ಬಡಿದಳು. ಧಡ್ ಧಡ್ ಧಡ್. ಒಂದು ಉಸಿರು. ಧಡ್ ಧಡ್ ಧಡ್.

ಅದು ಜೋರಿನ ಬಡಿತವಲ್ಲ. ನೆರೆಮನೆಗೆ ಏನೋ ಕೇಳಲು ಹೋದವರು ಬಡಿದ ಹಾಗೆ ಮೊದಲಾಯಿತು. ಯಾಕೆ ತೆಗೆಯುತ್ತಿಲ್ಲ ಎಂಬ ಹಾಗೆ ಮುಂದುವರಿಯಿತು. ಆಮೇಲೆ ಬೇರೆಯೇ ಆಯಿತು. ಅಂಗೈ, ಮಣಿಕಟ್ಟು, ಮೊಣಕೈ. ಏಳೂವರೆ ಅಕ್ಕ ಈ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದಳು. ಇದರ ಸದ್ದನ್ನು ಎಂದೂ ಕೇಳಿರಲಿಲ್ಲ. ಇದರಲ್ಲಿ ಎರಡು ಕೈಗಳಿದ್ದವು, ಒಂದು ಕಾಲರು ಕೂರಿಸುವವಳದು ಎಂದು ಅವಳಿಗೆ ಅನ್ನಿಸಿತು. ಮೈಕಿನ ಗುಂಡಿ ಅವಳ ಎಡಗೈ ಕೆಳಗೇ ಇತ್ತು. ಒತ್ತಿದ್ದರೆ ಎಲ್ಲವೂ ಮುಗಿಯುತ್ತಿತ್ತು, ಕೆಲಸ ಉಳಿಯುತ್ತಿತ್ತು. ಅವಳು ಆ ಕೈಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು.

ಗಾಜಿನಾಚೆ ಫ್ಯೂಸ್ ಮಾಮ ಒಂದು ಕೈಯನ್ನು ಸ್ವಿಚ್ಚಿನ ಮೇಲಿಟ್ಟುಕೊಂಡೇ ಇನ್ನೊಂದು ಕೈಯಲ್ಲಿ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು, ಅದರ ಬೆನ್ನಿಗೆ ಸದ್ದಿನ ವಿಷಯವೇನಾದರೂ ಬರೆದಿದೆಯೋ ಎಂಬಂತೆ.

ದೊಡ್ಡಮ್ಮನ ಕೈ ಸೋತಿತು. ಎತ್ತಿದ್ದು ನಡುವೆಯೇ ನಿಂತು, ಮೇಜಿನ ಮೇಲೆ ಸದ್ದಿಲ್ಲದೆ ಇಳಿಯಿತು. ಕೋಣೆ ಸುಮ್ಮನಾಯಿತು. ಪೆಟ್ಟಿಗೆಯ ಹಳದಿ ದೀಪ ಒಮ್ಮೆ ಮಿಟುಕಿತು.

ಇನ್ನೇನು ಕರಡಿಯ ವಾದ್ಯ. ಮತ್ತೆ.

ಏಳೂವರೆ ಅಕ್ಕ ಮೇಜನ್ನು ಬಡಿದಳು. ತಾನು ಬಡಿಯುತ್ತಿದ್ದೇನೆ ಎಂದು ತಿಳಿಯುವಷ್ಟರಲ್ಲಿ ಇನ್ನೊಮ್ಮೆ, ಮತ್ತೊಮ್ಮೆ ಬಡಿದಿದ್ದಳು. ಯಾರ ಸಹಿಯೂ ಇಲ್ಲದೆ ಅವಳು ಆ ಕೋಣೆಯಲ್ಲಿ ಮಾಡಿದ ಮೊದಲ ಸದ್ದು ಅದು. ನೋಯಿತು. ನೋವಾದದ್ದು ಒಳ್ಳೆಯದಾಯಿತು ಅನ್ನಿಸಿತು. ಹಳದಿ ದೀಪ ಆರಿತು. ದೊಡ್ಡಮ್ಮ ಅವಳನ್ನು ನೋಡಿದಳು, ಎಡಗೈ ಎತ್ತಿದಳು, ಇಬ್ಬರೂ ಸೇರಿ ಬಡಿದರು.

ಆಗ ಬಾಗಿಲಿನ ಪುಟ್ಟ ಗಾಜಿನಲ್ಲಿ ಆದರೂ ಸಾಹೇಬರ ಮುಖ ಕಾಣಿಸಿಕೊಂಡಿತು. ಕೆಂಪಗಾಗಿತ್ತು. ಅವರ ಬಾಯಿ 'ಆದರೂ, ಆದರೂ' ಎಂದು ತೆರೆಯುತ್ತಿತ್ತು, ಮುಷ್ಟಿ ಬಾಗಿಲನ್ನು ಬಡಿಯುತ್ತಿತ್ತು, ಮೆತ್ತೆಯಿಂದಾಗಿ ಒಂದು ಚೂರೂ ಕೇಳಿಸುತ್ತಿರಲಿಲ್ಲ. ಏಳೂವರೆ ಅಕ್ಕ ನೋಡಿಯೂ ನೋಡದವಳಂತೆ ಬಡಿಯುತ್ತಲೇ ಇದ್ದಳು. ಅವಳಿಗೆ ಈಗ ನಿಲ್ಲಿಸುವ ಮನಸ್ಸೇ ಇರಲಿಲ್ಲ. ಸಾಯಂಕಾಲದವರೆಗೂ ಬಡಿದಾಳು.

ದೊಡ್ಡಮ್ಮ ಗಾಜನ್ನು ನೋಡಿದಳು. ಆ ಮುಷ್ಟಿಯನ್ನು ನೋಡಿದಳು. ಅವಳ ಕೈ ನಿಂತುಹೋಯಿತು.

"ತೆಗಿಯೇ" ಎಂದಳು, ಮೈಕಿನ ಮುಂದೆಯೇ. "ತೆಗಿ ಬಾಗಿಲು. ಬಡೀತಾ ಇರೋರನ್ನ ಹೊರಗೆ ನಿಲ್ಲಿಸಬಾರದು. ಯಾರೇ ಆಗಿರಲಿ."

ಇದು ಹಾಳೆಯಲ್ಲಿಲ್ಲದ ಮಾತು. ಫ್ಯೂಸ್ ಮಾಮ ಸ್ವಿಚ್ ಇಳಿಸಿದರು. ಇಳಿಸುವ ಹೊತ್ತಿಗೆ ಮಾತು ಪೂರ್ತಿಯಾಗಿ ಊರು ಸೇರಿತ್ತು.

ಏಳೂವರೆ ಅಕ್ಕ ಎದ್ದು ಚಿಲಕ ಸರಿಸಿದಳು. ಸಾಹೇಬರು ಒಳಗೆ ಬಿದ್ದರೆಂದೇ ಹೇಳಬೇಕು. ಏದುಸಿರು ಬಿಡುತ್ತಿದ್ದರು. ಹಿಂದೆ ಪ್ರಚಾರದ ಅಧಿಕಾರಿ, ಅವನ ಕೈಯಲ್ಲಿ ಇನ್ನೂ ಚಹಾದ ಲೋಟ.

"ಆದರೂ ಏನಿದು? ಬಾಗಿಲು ಹಾಕ್ಕೊಂಡು ಏನು ಮಾಡ್ತಿದೀರಿ? ಎಷ್ಟು ಹೊತ್ತಿಂದ ಬಡೀತಿದೀನಿ!"

"ಕಾಣ್ತು ಸಾಹೇಬರೇ" ಎಂದಳು ದೊಡ್ಡಮ್ಮ, ಊದಿಕೊಳ್ಳುತ್ತಿದ್ದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತ. "ತೆಗೆದ್ವಲ್ಲ."

ಸಾಹೇಬರು ಅವಳನ್ನು ನೋಡಿದರು, ಮೇಜನ್ನು ನೋಡಿದರು. ಬಾಯಿ ತೆರೆದರು. ಆ 'ಆದರೂ' ಹೊರಗೆ ಬರಲಿಲ್ಲ. ಅಧಿಕಾರಿಯೇ ಮಾತಾಡಿದ. "ಇದಕ್ಕೆ ನೀವು ಉತ್ತರ ಕೊಡಬೇಕಾಗುತ್ತೆ ಅಮ್ಮಾ."

"ಕೊಡ್ತೀನಪ್ಪಾ. ಮೊದಲು ಕೇಳಿದೋಳು ನಾನು. ಸರದಿ ಪ್ರಕಾರ ಬಾ."

ಹೊರಗಿನ ಮೇಜಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಎತ್ತಿದ ಗುಮಾಸ್ತೆ ಹಲೋ ಹಲೋ ಎಂದಳು. ಆ ಕಡೆಯಿಂದ ಯಾರೂ ಮಾತಾಡಲಿಲ್ಲವಂತೆ. ರಿಸೀವರಿನ ಮೇಲೆ ಯಾರೋ ಬೆರಳಿನಿಂದ ಬಡಿದು ಇಟ್ಟುಬಿಟ್ಟರಂತೆ. ಅದು ಮತ್ತೆ ಹೊಡೆದುಕೊಂಡಿತು. ಮಧ್ಯಾಹ್ನದವರೆಗೂ ಹೀಗೇ. ಕೊನೆಗೆ ಅವಳು ಫೋನನ್ನು ಮೇಜಿನ ಖಾನೆಯೊಳಗೆ ಇಟ್ಟು ಮುಚ್ಚಿದಳು.

ಏಳೂವರೆ ಅಕ್ಕನನ್ನು ಆ ವಾರವೇ ಹಳೆಯ ಟೇಪುಗಳ ಕೋಣೆಗೆ ಹಾಕಿದರು. ಅಲ್ಲಿ ಕಿಟಕಿಯಿಲ್ಲ, ಧೂಳಿಗೇನೂ ಬರವಿಲ್ಲ. 'ಈ ದಿನ'ವನ್ನು ಈಗ ಬೇರೆ ಹುಡುಗಿ ಓದುತ್ತಾಳೆ. ಸ್ಟುಡಿಯೋದ ಮೇಜಿನ ಮೇಲೆ ದಪ್ಪನೆಯ ಕಂಬಳಿಯ ಹಾಸು ಬಂದಿದೆ; ಮೈಕಿನ ಗುಣಮಟ್ಟಕ್ಕಾಗಿ ಎಂದು ಆದರೂ ಸಾಹೇಬರು ಎಲ್ಲರಿಗೂ, ಯಾರೂ ಕೇಳದಿದ್ದರೂ, ಹೇಳುತ್ತಾರೆ. ಕಾರ್ಖಾನೆಯವರು ಮುಂದಿನ ವರ್ಷ ತಮ್ಮ ಸುರಕ್ಷತಾ ದಿನವನ್ನು ಬೇರೆ ತಿಂಗಳಿಗೆ ಸಾಗಿಸಿದರು. ಅದನ್ನು ಕೇಳಿ ದೊಡ್ಡಮ್ಮ, "ಇರಲಿ, ನಮ್ಮ ದಿನ ನಮಗೆ ಬಿಟ್ಟುಕೊಟ್ಟರಲ್ಲ" ಎಂದಳು.

ಆ ವರ್ಷ ಅದೇ ತಾರೀಖಿನ ಬೆಳಿಗ್ಗೆ ಏಳೂವರೆ ಅಕ್ಕ ತರಕಾರಿ ಕೊಳ್ಳಲು ನಿಂತಿದ್ದಳು. ಊರವರಿಗೆ ಅವಳ ಹೆಸರು ಬದಲಾಗಿರಲಿಲ್ಲ. ಅಂಗಡಿಯವನು ತಕ್ಕಡಿ ಎತ್ತಿ, "ಏನಕ್ಕಾ, ಇವತ್ತು ಯಾವ ರಾಜ..." ಎಂದವನು ಅಲ್ಲಿಗೇ ನಿಲ್ಲಿಸಿದ. "ಇವತ್ತು ಯಾವ ದಿನ ಅಕ್ಕಾ?"

"ಹಿಂಬಾಗಿಲಿನ ದಿನ" ಎಂದಳು ಅವಳು, ಗಟ್ಟಿಯಾಗಿ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ತಕ್ಕಡಿ ಕೆಳಗಿಟ್ಟು, ಈರುಳ್ಳಿಯ ಮರದ ಪೆಟ್ಟಿಗೆಯನ್ನು ಬೆರಳ ಗೆಣ್ಣಿನಿಂದ ಬಡಿದ. ಆಮೇಲೆ ಎಂದಿನ ಹಾಗೆ ತೂಗಿಕೊಟ್ಟ.

ನನಗೆ ಗೊತ್ತಿರುವುದು ಇಷ್ಟು. ಫ್ಯೂಸ್ ಮಾಮನ ಕೈ ಆ ದಿನ ವಯಸ್ಸಿನಿಂದ ತಡವಾಯಿತೋ ಮನಸ್ಸಿನಿಂದ ತಡವಾಯಿತೋ ತಿಳಿಯದು. ಕೇಳಿದವರಿಗೆ ಫ್ಯೂಸ್ ಎಂದರಂತೆ. ಫೋನು ಮಾಡಿದವರು ಯಾರೆಂದು ತಿಳಿಯದು. ಆ ಹಿಂಬಾಗಿಲಿಗೆ ಬೀಗ ಹಾಕಿದ ಕೈ ಯಾರದು, ಯಾರ ಮಾತಿಗೆ ಹಾಕಿತು, ಆ ಬೆಳಿಗ್ಗೆ ಕೀಲಿ ಯಾರ ಜೇಬಿನಲ್ಲಿತ್ತು ಎಂಬುದೂ ತಿಳಿಯದು. ದೊಡ್ಡಮ್ಮನಿಗೂ ತಿಳಿಯದು.